ವಿದೇಶದ ಪಿಪಿಎಲ್, ಸಾಂಬ್ರಾದ ರನ್‌ವೇ: ಡಿಜಿಸಿಎ ಲೈಸೆನ್ಸ್ ಪರಿವರ್ತನೆ ಸೇವೆಯ ವಿಮರ್ಶೆ

ಅಮೆರಿಕ, ಕೆನಡಾ, ಬ್ರಿಟನ್ ಇಲ್ಲವೇ ಆಸ್ಟ್ರೇಲಿಯಾದಲ್ಲಿ ಪ್ರೈವೇಟ್ ಪೈಲಟ್ ಲೈಸೆನ್ಸ್, ಅಂದರೆ ಪಿಪಿಎಲ್, ಪಡೆದು ಬೆಳಗಾವಿಗೆ ಮರಳಿದವರ ಮೊದಲ ಪ್ರಶ್ನೆ: ಈ ಕಾರ್ಡಿನ ಮೇಲೆಯೇ ಇಲ್ಲಿನ ಸಾಂಬ್ರಾ ವಿಮಾನ ನಿಲ್ದಾಣದಿಂದ ಹಾರಬಹುದೇ? ಹಾರಲು ಬರುವುದಿಲ್ಲ. ವಿಮಾನ ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶ ಕೊಟ್ಟ ಅಥವಾ ಮಾನ್ಯ ಮಾಡಿದ ಲೈಸೆನ್ಸ್ ಪೈಲಟ್ ಬಳಿ ಇರಬೇಕು ಎಂಬುದು 1944ರ ಶಿಕಾಗೊ ಒಪ್ಪಂದದ 32ನೇ ವಿಧಿಯ ತಿರುಳು. ಇಲ್ಲಿನ ತರಬೇತಿ ವಿಮಾನಗಳ ಮೈಮೇಲೆ ‘ವಿಟಿ’ ಎಂದು ಶುರುವಾಗುವ ಭಾರತದ ಗುರುತಿದೆ. ಹಾಗಾಗಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಎಂದರೆ ಡಿಜಿಸಿಎಯ, ಪರಿವರ್ತನೆ ಸೇವೆಯನ್ನು ದಾಟಿಯೇ ಹೋಗಬೇಕು. ವಿದೇಶಿ ಪೈಲಟ್‌ಗಳಿಗೆ ಕೊಡುವ ‘ಫಾಟಾ’ ಎಂಬ ತಾತ್ಕಾಲಿಕ ಅನುಮತಿ ವಿಮಾನಯಾನ ಕಂಪನಿಗಳ ಅಗತ್ಯಕ್ಕೆ ಇರುವಂಥದ್ದು. ಹವ್ಯಾಸಕ್ಕೆ ಹಾರುವವರಿಗೆ ಅದರಿಂದ ಉಪಯೋಗವಿಲ್ಲ.

ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸೇವೆ ಛಲೋ ಇದೆ, ಆದರೆ ತಯಾರಿ ಇಲ್ಲದೆ ಬಂದವರಿಗೆ ಕಠಿಣ. 2021ರ ನವೆಂಬರ್‌ನಲ್ಲಿ ಇ-ಜಿಸಿಎ ಪೋರ್ಟಲ್ ಬಂದ ಮೇಲೆ ಕಡತ ಹಿಡಿದುಕೊಂಡು ದೆಹಲಿಗೆ ಓಡುವ ಕೆಲಸ ಬಹುಮಟ್ಟಿಗೆ ತಪ್ಪಿದೆ. ಅರ್ಜಿ, ಶುಲ್ಕ, ದಾಖಲೆ ಎಲ್ಲವೂ ಬೆಳಗಾವಿಯ ಮನೆಯಿಂದಲೇ ಹೋಗುತ್ತವೆ. ಪೋರ್ಟಲ್ ನಿಮಗೆ ಹೇಳದಿರುವುದು ಒಂದೇ: ಯಾವ ಕೆಲಸ ಮೊದಲು, ಯಾವುದು ಆಮೇಲೆ. ಮೆಡಿಕಲ್, ವಿದೇಶಿ ಲೈಸೆನ್ಸಿನ ಚಾಲ್ತಿ, ಇಂಗ್ಲಿಷ್ ಪ್ರಾವೀಣ್ಯ, ಸ್ಕಿಲ್ ಟೆಸ್ಟ್ ಎಂಬ ಹಾರಾಟದ ಪರೀಕ್ಷೆ ಇವೆಲ್ಲ ತಾರೀಖು ಬಿದ್ದ ಕಾಗದಗಳು. ಅರ್ಜಿ ಪರಿಶೀಲನೆಯ ದಿನ ಎಲ್ಲವೂ ಒಟ್ಟಿಗೆ ಜೀವಂತ ಇರಬೇಕು. ಒಂದರ ಅವಧಿ ಮುಗಿದರೆ ಅದನ್ನು ನವೀಕರಿಸುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿಯುತ್ತದೆ. ದುಡ್ಡು, ಸಮಯ ಹೆಚ್ಚು ಸೋರುವುದು ಇಲ್ಲಿಯೇ.

ಆದ್ದರಿಂದ ಕ್ರಮ ಹೀಗಿರಲಿ: ವಿದೇಶದ ಕೆಲಸ ಮೊದಲು, ಹಾರಿದ ಗಂಟೆಗಳನ್ನು ಬರೆದಿಡುವ ಲಾಗ್‌ಬುಕ್ಕಿನ ಲೆಕ್ಕ ಅದರ ಬೆನ್ನಿಗೆ, ನಂತರ ಪರೀಕ್ಷೆ ಮತ್ತು ರೇಡಿಯೊ, ಅದಾದ ಮೇಲೆ ಮೆಡಿಕಲ್, ಕೊನೆಗೆ ಹಾರಾಟ. ಬಹಳ ಮಂದಿ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಊರಿಗೆ ಬಂದ ವಾರವೇ ಸಾಂಬ್ರಾಕ್ಕೆ ಹೋಗಿ ಹತ್ತು ಗಂಟೆ ಹಾರುತ್ತಾರೆ, ಆಮೇಲೆ ಪರೀಕ್ಷೆಯ ತಾರೀಖಿಗೆ ಕಾಯುತ್ತಾರೆ. ಅಷ್ಟರಲ್ಲಿ ಕೈ ಮತ್ತೆ ಒರಟಾಗಿರುತ್ತದೆ.

ಯಾವ ಲೈಸೆನ್ಸ್ ನಡೆಯುತ್ತದೆ

ನಿಮ್ಮ ಕಾರ್ಡಿನ ಮೇಲೆ ಏನು ಬರೆದಿದೆ ಎಂಬುದನ್ನು ಮೊದಲು ಸರಿಯಾಗಿ ಓದಿ. ಪೂರ್ಣ ಪಿಪಿಎಲ್ ಆಗಿದ್ದರೆ ಅದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ, ಅಂದರೆ ಐಕಾವೊದ, ಅನುಬಂಧ 1ರ ಮಟ್ಟದ್ದು. ಅಮೆರಿಕದ ಸ್ಪೋರ್ಟ್ ಪೈಲಟ್ ಮತ್ತು ರಿಕ್ರಿಯೇಶನಲ್ ಪೈಲಟ್, ಕೆನಡಾದ ರಿಕ್ರಿಯೇಶನಲ್ ಪರ್ಮಿಟ್, ಆಸ್ಟ್ರೇಲಿಯಾದ ಆರ್‌ಪಿಎಲ್, ಯುರೋಪಿನ ಎಲ್‌ಎಪಿಎಲ್ ಇವೆಲ್ಲ ಆ ಮಟ್ಟಕ್ಕಿಂತ ಕೆಳಗಿನವು. ಆಯಾ ದೇಶದಲ್ಲಿ ಖುಷಿಯಿಂದ ಹಾರಬಹುದು, ಗಡಿ ದಾಟಿದ ಮೇಲೆ ಪಿಪಿಎಲ್ ಲೆಕ್ಕಕ್ಕೆ ಬರುವುದಿಲ್ಲ. ಅಂಥವರು ಪರಿವರ್ತನೆಯ ದಾರಿ ಬಿಟ್ಟು, ಇಲ್ಲಿ ಸ್ಟೂಡೆಂಟ್ ಪೈಲಟ್ ಲೈಸೆನ್ಸಿನಿಂದ ಶುರು ಮಾಡುವುದೇ ನೇರ ದಾರಿ.

ಮೆಡಿಕಲ್ ವಿಷಯದಲ್ಲೂ ಇದೇ ಬಲೆ ಇದೆ. ಅಮೆರಿಕದಲ್ಲಿ ‘ಬೇಸಿಕ್‌ಮೆಡ್’ ಎಂಬ ಸಡಿಲ ವ್ಯವಸ್ಥೆಯ ಮೇಲೆ ಹಾರುತ್ತಿದ್ದವರ ಲೈಸೆನ್ಸ್ ಅಲ್ಲಿ ಸಕ್ರಮವೇ, ಆದರೆ ಬೇಸಿಕ್‌ಮೆಡ್ ಐಕಾವೊ ಮಟ್ಟದ ವೈದ್ಯಕೀಯ ಪ್ರಮಾಣಪತ್ರ ಅಲ್ಲ. ಅಲ್ಲಿರುವಾಗಲೇ ಥರ್ಡ್ ಕ್ಲಾಸ್ ಮೆಡಿಕಲ್ ಮಾಡಿಸಿಕೊಂಡು ಬನ್ನಿ. ಪರೀಕ್ಷೆಯ ದಿನ ವಯಸ್ಸು 40ರೊಳಗಿದ್ದರೆ ಅದು 60 ತಿಂಗಳು, 40 ದಾಟಿದ್ದರೆ 24 ತಿಂಗಳು ನಡೆಯುತ್ತದೆ. ಇನ್ನೊಂದು ವಿಷಯ: ಅಮೆರಿಕದ ಪೈಲಟ್ ಸರ್ಟಿಫಿಕೇಟಿಗೆ ಮುಕ್ತಾಯದ ದಿನಾಂಕ ಇಲ್ಲ. ಹಾಗೆಂದು ಅದು ಸದಾ ಚಾಲ್ತಿಯಲ್ಲಿದೆ ಎಂದಲ್ಲ. 24 ಕ್ಯಾಲೆಂಡರ್ ತಿಂಗಳಿಗೊಮ್ಮೆ ಫ್ಲೈಟ್ ರಿವ್ಯೂ, ಅಂದರೆ ಬೋಧಕರ ಜತೆಗಿನ ಮರುಪರಿಶೀಲನೆ, ಆಗಿರಬೇಕು, ಬೋಧಕರ ಸಹಿ ಲಾಗ್‌ಬುಕ್ಕಿನಲ್ಲಿ ಇರಬೇಕು. ಹೊರಡುವ ತಿಂಗಳಲ್ಲೇ ರಿವ್ಯೂ ಮುಗಿಸಿ ಬಂದರೆ ಎರಡು ವರ್ಷದ ನಿರಾಳ ಸಿಗುತ್ತದೆ. ಪರೀಕ್ಷೆ ಪಾಸಾದ ದಿನ ಕೊಡುವ ಕಾಗದದ ತಾತ್ಕಾಲಿಕ ಸರ್ಟಿಫಿಕೇಟ್ 120 ದಿನಕ್ಕೆ ಮಾತ್ರ. ಪ್ಲಾಸ್ಟಿಕ್ ಕಾರ್ಡ್ ಅಂಚೆಯಲ್ಲಿ ಕೈಸೇರುವ ತನಕ ಅಲ್ಲಿನ ವಿಳಾಸ ಬಿಡಬೇಡಿ.

ಹೆಸರು ಮತ್ತು ದೃಢೀಕರಣ

ಉತ್ತರ ಕರ್ನಾಟಕದವರಿಗೆ ಹೆಸರೇ ಒಂದು ದೊಡ್ಡ ಕೆಲಸ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಮೇಲೆ ಸ್ವಂತ ಹೆಸರು, ತಂದೆಯ ಹೆಸರಿಗೆ ಒಂದೇ ಅಕ್ಷರ. ಪಾಸ್‌ಪೋರ್ಟಿನಲ್ಲಿ ಆ ಒಂದಕ್ಷರ ಪೂರ್ತಿ ಹೆಸರಾಗಿರುತ್ತದೆ. ವಿದೇಶಿ ಲೈಸೆನ್ಸ್ ಪಾಸ್‌ಪೋರ್ಟ್ ನೋಡಿ ಮಾಡಿದ್ದು, ಡಿಜಿಸಿಎ ಪರೀಕ್ಷಾ ವಿಭಾಗದ ನೋಂದಣಿ ಅಂಕಪಟ್ಟಿ ನೋಡಿ ಮಾಡುವಂಥದ್ದು. ಮದುವೆಯಾದ ಮೇಲೆ ಹೆಸರು, ಅಡ್ಡಹೆಸರು ಎರಡೂ ಬದಲಾಗುವ ರೂಢಿ ಬೆಳಗಾವಿ ಕಡೆಯ ಎಷ್ಟೋ ಮನೆಗಳಲ್ಲಿದೆ. ಅವರಿಗೆ ಇದು ಇನ್ನಷ್ಟು ಕಷ್ಟ. ಪಾಟೀಲ ಎಂಬುದನ್ನು ಒಂದು ಕಾಗದದಲ್ಲಿ ಒಂದು ‘ಐ’ ಹಾಕಿ, ಇನ್ನೊಂದರಲ್ಲಿ ಎರಡು ‘ಇ’ ಹಾಕಿ ಬರೆದಿದ್ದರೂ ಆಕ್ಷೇಪಣೆ ಬರಬಹುದು. ಅರ್ಜಿ ಹಾಕುವ ಮುಂಚೆಯೇ ಎಲ್ಲ ದಾಖಲೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ತಾಳೆ ನೋಡಿ. ಸಣ್ಣ ವ್ಯತ್ಯಾಸಕ್ಕೆ ನೋಟರಿ ಪ್ರಮಾಣಪತ್ರ, ಪೂರ್ತಿ ಬದಲಾದ ಹೆಸರಿಗೆ ಗೆಜೆಟ್ ಪ್ರಕಟಣೆ ಸಿದ್ಧವಿರಲಿ. ಎಲ್ಲಕ್ಕೂ ಪಾಸ್‌ಪೋರ್ಟಿನ ಹೆಸರನ್ನೇ ಆಧಾರವಾಗಿ ಹಿಡಿಯುವುದು ಸುರಕ್ಷಿತ, ಏಕೆಂದರೆ ವಿದೇಶಿ ಪ್ರಾಧಿಕಾರ ನಿಮ್ಮನ್ನು ಗುರುತಿಸುವುದು ಆ ಹೆಸರಿನಿಂದಲೇ.

ದೃಢೀಕರಣ ಎಂದರೆ ನೀವು ಜೆರಾಕ್ಸ್ ಮಾಡಿ ಸಹಿ ಹಾಕಿಸಿದ ಪ್ರತಿಯಲ್ಲ. ಲೈಸೆನ್ಸ್ ಕೊಟ್ಟ ದೇಶದ ಪ್ರಾಧಿಕಾರ ‘ಈ ಲೈಸೆನ್ಸ್ ನಿಜ, ಈ ರೇಟಿಂಗ್‌ಗಳಿವೆ, ಇವರ ಮೇಲೆ ಕ್ರಮ ಬಾಕಿ ಇಲ್ಲ’ ಎಂದು ನೇರವಾಗಿ ಡಿಜಿಸಿಎಗೆ ತಿಳಿಸಬೇಕು. ನಿಮ್ಮ ಕೈಯಿಂದ ಬಂದ ಪತ್ರಕ್ಕೆ ಆ ಬೆಲೆ ಇಲ್ಲ. ಅಮೆರಿಕದಲ್ಲಾದರೆ ಇದನ್ನು ನೋಡಿಕೊಳ್ಳುವುದು ಒಕ್ಲಹೋಮ ಸಿಟಿಯ ಏರ್‌ಮೆನ್ ಸರ್ಟಿಫಿಕೇಶನ್ ಶಾಖೆ. ಅಲ್ಲಿನ ದಾಖಲೆಯಲ್ಲಿ ನಿಮ್ಮ ವಿಳಾಸ ಹಳೆಯದಿದ್ದರೆ ಪತ್ರವ್ಯವಹಾರವೇ ನಿಲ್ಲುತ್ತದೆ. ವಿಳಾಸ ಬದಲಾದ 30 ದಿನದೊಳಗೆ ತಿಳಿಸಬೇಕು ಎಂಬುದು ಅಲ್ಲಿನ ನಿಯಮ. ಅದಕ್ಕಿಂತ ಮುಖ್ಯವಾದ ಹೊಸ ಬದಲಾವಣೆ: 2025ರ ಜುಲೈ 7ರಿಂದ, ಅಮೆರಿಕದಲ್ಲಿ ವಾಸದ ವಿಳಾಸವಿಲ್ಲದೆ ಹೊರದೇಶದ ವಿಳಾಸವನ್ನಷ್ಟೇ ಕೊಟ್ಟಿರುವ ಸರ್ಟಿಫಿಕೇಟುದಾರರು ತಮ್ಮ ಪರವಾಗಿ ನೋಟಿಸ್ ಸ್ವೀಕರಿಸಲು ಅಮೆರಿಕದಲ್ಲಿ ಒಬ್ಬ ಏಜೆಂಟರನ್ನು ನೇಮಿಸಿರಬೇಕು. ಇಲ್ಲದಿದ್ದರೆ ಆ ಸರ್ಟಿಫಿಕೇಟಿನ ಹಕ್ಕುಗಳನ್ನು ಬಳಸುವಂತಿಲ್ಲ. ಅಲ್ಲಿರುವ ಸಂಬಂಧಿಕರು, ಗೆಳೆಯರು ಯಾರಾದರೂ ಏಜೆಂಟ್ ಆಗಬಹುದು; ಅವರ ವಿಳಾಸ ಅಂಚೆಪೆಟ್ಟಿಗೆ ಸಂಖ್ಯೆ ಆಗಿರಬಾರದು. ಬೆಳಗಾವಿಯ ಟಿಳಕವಾಡಿಯ ವಿಳಾಸ ಹಾಕಿ ಈ ಕೆಲಸ ಮರೆತರೆ, ನೀವು ಪರಿವರ್ತಿಸಲು ಹೊರಟ ಮೂಲ ಲೈಸೆನ್ಸೇ ಅಲುಗಾಡುತ್ತದೆ.

ಲಾಗ್‌ಬುಕ್: ಹೆಚ್ಚು ಅರ್ಜಿಗಳು ಎಡವುವ ಜಾಗ

ಭಾರತದ ಪಿಪಿಎಲ್‌ಗೆ ಕನಿಷ್ಠ 17 ವರ್ಷ ವಯಸ್ಸು, 10ನೇ ತರಗತಿ ಪಾಸು, 40 ಗಂಟೆಯ ಹಾರಾಟ ಬೇಕು. ಆ 40ರಲ್ಲಿ ನಿಗದಿತ ಗಂಟೆಗಳು ಸೋಲೊ, ಅಂದರೆ ಒಬ್ಬರೇ ಹಾರಿದ್ದು, ಇರಬೇಕು. ಅದರಲ್ಲಿ 5 ಗಂಟೆ ಸೋಲೊ ಕ್ರಾಸ್‌ಕಂಟ್ರಿ, ಅಂದರೆ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹೋಗುವ ಹಾರಾಟ. ಅದರಲ್ಲೂ ಒಂದು ಹಾರಾಟ 150 ನಾಟಿಕಲ್ ಮೈಲಿಗಿಂತ ಕಡಿಮೆ ಇರಬಾರದು ಮತ್ತು ದಾರಿಯಲ್ಲಿ ಎರಡು ಬೇರೆ ಬೇರೆ ನಿಲ್ದಾಣಗಳಲ್ಲಿ ಇಳಿದು ಪೂರ್ತಿ ನಿಂತಿರಬೇಕು. ವಿದೇಶದಲ್ಲಿ ಹೇಗೂ ಇದೆಲ್ಲ ಆಗಿರುತ್ತದೆ ಎಂಬ ಧೈರ್ಯ ಬೇಡ. ಅಮೆರಿಕದ ಪಾರ್ಟ್ 141 ಶಾಲೆಗಳಲ್ಲಿ 35 ಗಂಟೆಗೇ ಪಿಪಿಎಲ್ ಸಿಗುತ್ತದೆ. 37 ಗಂಟೆಗೆ ಪಾಸಾಗಿ ಊರಿಗೆ ಬಂದವರಿಗೆ ಇಲ್ಲಿ 3 ಗಂಟೆ ಕೊರತೆ. ಅದೇನೂ ದೊಡ್ಡದಲ್ಲ, ಸಾಂಬ್ರಾದಲ್ಲಿ ಎರಡು ದಿನದಲ್ಲಿ ತುಂಬಿಕೊಳ್ಳಬಹುದು. ಆದರೆ ಅರ್ಜಿ ಹಾಕಿದ ಮೇಲೆ ಗೊತ್ತಾದರೆ ತಿಂಗಳುಗಟ್ಟಲೆ ಹಿಂದೆ ಬೀಳುತ್ತೀರಿ.

ದೊಡ್ಡ ಗೊಂದಲ ‘ಪೈಲಟ್ ಇನ್ ಕಮಾಂಡ್’, ಅಂದರೆ ಪಿಐಸಿ, ಕಾಲಮ್ಮಿನದು. ಅಮೆರಿಕದ ನಿಯಮದಂತೆ, ಲೈಸೆನ್ಸ್ ಬಂದ ನಂತರ ಬೋಧಕರು ಪಕ್ಕದಲ್ಲಿ ಕೂತು ಕಲಿಸುತ್ತಿದ್ದರೂ, ನಿಮಗೆ ರೇಟಿಂಗ್ ಇರುವ ವಿಮಾನದ ನಿಯಂತ್ರಣ ನಿಮ್ಮೊಬ್ಬರ ಕೈಯಲ್ಲೇ ಇದ್ದ ಹೊತ್ತನ್ನು ಪಿಐಸಿ ಎಂದು ಬರೆದುಕೊಳ್ಳಬಹುದು. ಅದೇ ಹೊತ್ತು ಬೋಧಕರ ಜತೆಗಿನ ಹಾರಾಟದ ‘ಡ್ಯೂಯಲ್’ ಕಾಲಮ್ಮಿನಲ್ಲೂ ಇರುತ್ತದೆ. ಭಾರತದಲ್ಲಿ ಬೋಧಕರು ಪಕ್ಕದಲ್ಲಿದ್ದರೆ ಅದು ಡ್ಯೂಯಲ್, ಮುಗಿಯಿತು. ಎರಡೂ ಕಾಲಮ್ ಕೂಡಿಸಿದಾಗ ಒಟ್ಟು ಗಂಟೆಗಿಂತ ಹೆಚ್ಚು ಬರುವ ಲಾಗ್‌ಬುಕ್ ಇಲ್ಲಿನ ಪರಿಶೀಲಕರ ಕಣ್ಣಿಗೆ ತಪ್ಪು ಲೆಕ್ಕದಂತೆ ಕಾಣುತ್ತದೆ. ಒಂದು ಉದಾಹರಣೆ ನೋಡಿ: ಒಟ್ಟು 62.0 ಗಂಟೆ, ಪಿಐಸಿ 31.0, ಡ್ಯೂಯಲ್ 40.5. ಕೂಡಿಸಿದರೆ 71.5. ಹೆಚ್ಚಾದ 9.5 ಗಂಟೆ ಎರಡೂ ಕಡೆ ಬರೆದಿದ್ದು. ಭಾರತದ ಲೆಕ್ಕದಲ್ಲಿ ಪಿಐಸಿ 21.5 ಮಾತ್ರ. ಈ ತಿದ್ದುಪಡಿಯನ್ನು ಮೂಲ ಲಾಗ್‌ಬುಕ್ಕಿನಲ್ಲಿ ಗೀಚಿ ಮಾಡಬೇಡಿ. ಬೇರೆ ಹಾಳೆಯ ಮೇಲೆ ಹಾರಾಟದ ತಾರೀಖುವಾರು ಪಟ್ಟಿ ಮಾಡಿ, ಯಾವ ಸಾಲು ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ತೋರಿಸಿ. ಲಾಗ್‌ಬುಕ್ಕಿನಲ್ಲಿ ಸುಳ್ಳು ನಮೂದು ಗಂಭೀರ ಅಪರಾಧ. ಹಳೆಯ ಪುಟದ ಮೇಲೆ ಹೊಸ ಶಾಯಿ ಕಂಡರೆ ಪ್ರಾಮಾಣಿಕರ ಮೇಲೂ ಅನುಮಾನ ಬರುತ್ತದೆ.

ದಶಮಾಂಶವನ್ನು ಗಂಟೆ-ನಿಮಿಷಕ್ಕೆ ತಿರುಗಿಸುವಾಗಲೂ ಎಚ್ಚರ ಬೇಕು. 0.1 ಎಂದರೆ 6 ನಿಮಿಷ. 1.3 ಎಂದರೆ 1 ಗಂಟೆ 18 ನಿಮಿಷ, 1 ಗಂಟೆ 30 ನಿಮಿಷ ಅಲ್ಲ. 47.6 ಎಂದರೆ 47 ಗಂಟೆ 36 ನಿಮಿಷ. ಎಕ್ಸೆಲ್‌ನಲ್ಲಿ ಹಾಕುವಾಗ ಒಂದೊಂದು ಸಾಲನ್ನೂ ನಿಮಿಷಕ್ಕೆ ತಿರುಗಿಸಿ ಕೂಡಿಸಿ, ಕೊನೆಗೆ 60ರಿಂದ ಭಾಗಿಸಿ. ಒಟ್ಟು ಮೊತ್ತವನ್ನು ಮೂಲ ಲಾಗ್‌ಬುಕ್ಕಿನ ದಶಮಾಂಶದ ಮೊತ್ತದ ಜತೆ ಹೊಂದಿಸಿ ನೋಡಿ. ಅದು ತಾಳೆಯಾಗದಿದ್ದರೆ ಪುಟದ ಕೆಳಗಿನ ಯಾವುದೋ ಒಂದು ‘ಮುಂದುವರಿದ ಮೊತ್ತ’ ತಪ್ಪಿರುತ್ತದೆ. ತಾರೀಖುಗಳನ್ನೂ ತಿರುಗಿಸಬೇಕು. ಅಮೆರಿಕದ ಲಾಗ್‌ಬುಕ್ಕಿನ 03/04/2022 ಎಂಬುದು ಮಾರ್ಚ್ 4, ನಮ್ಮ ಓದಿನಲ್ಲಿ ಏಪ್ರಿಲ್ 3. ತಿಂಗಳನ್ನು ಅಕ್ಷರದಲ್ಲಿ ಬರೆದರೆ ಈ ರಗಳೆಯೇ ಇಲ್ಲ.

ವಿದೇಶದ ಶಾಲೆಯಿಂದ ಮೂರು ಕಾಗದಗಳನ್ನು ಹೊರಡುವ ಮುಂಚೆಯೇ ಪಡೆಯಿರಿ: ತರಬೇತಿ ಮುಗಿಸಿದ ಪತ್ರ, ಹಾರಿದ ವಿಮಾನಗಳ ನೋಂದಣಿ ಗುರುತು ಸಹಿತ ಗಂಟೆಗಳ ಪಟ್ಟಿ, ಪಿಪಿಎಲ್ ಪರೀಕ್ಷೆಯ ಫಲಿತಾಂಶದ ಪ್ರತಿ. ಸಣ್ಣ ಶಾಲೆಗಳು ಮುಚ್ಚುತ್ತವೆ, ಬೋಧಕರು ವಿಮಾನಯಾನ ಕಂಪನಿ ಸೇರಿ ಹೊರಟುಹೋಗುತ್ತಾರೆ. ಎರಡು ವರ್ಷದ ಮೇಲೆ ಬೆಳಗಾವಿಯಲ್ಲಿ ಕೂತು ಆ ಸಹಿ ಹುಡುಕುವುದು ಬಹಳ ಕಷ್ಟ.

ಪರೀಕ್ಷೆ: ಹಳೆಯ ಅಭ್ಯಾಸ ಬಿಡುವ ಕೆಲಸ

ಪರೀಕ್ಷೆಗೆ ಮೊದಲು ಕಂಪ್ಯೂಟರ್ ನಂಬರ್ ಎಂಬ ನೋಂದಣಿ ಸಂಖ್ಯೆ ಬೇಕು. ಡಿಜಿಸಿಎಯ ‘ಪರೀಕ್ಷಾ’ ಪೋರ್ಟಲ್ಲಿನಲ್ಲಿ ಅಂಕಪಟ್ಟಿ, ಗುರುತು, ಫೋಟೊ ಹಾಕಿ ಪಡೆಯುವಂಥದ್ದು. ಆನ್‌ಲೈನ್ ಪರೀಕ್ಷೆ, ಬಹು ಆಯ್ಕೆಯ ಪ್ರಶ್ನೆಗಳು, ಪಾಸಾಗಲು ಶೇ 70 ಬೇಕು, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಕೇಂದ್ರವಾಗಿ ಬೆಂಗಳೂರು ಆರಿಸಿಕೊಂಡರೆ ಬೆಳಗಾವಿಯವರಿಗೆ ಹೊಂದುತ್ತದೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿಗೆ ರಾತ್ರಿ ಹತ್ತಿದರೆ ಬೆಳಿಗ್ಗೆ ಅಲ್ಲಿ. ಆದರೂ ಪರೀಕ್ಷೆಯ ಹಿಂದಿನ ದಿನವೇ ತಲುಪುವಂತೆ ಟಿಕೆಟ್ ತೆಗೆಸಿ.

ಏರ್ ರೆಗ್ಯುಲೇಶನ್ಸ್, ಅಂದರೆ ವಿಮಾನಯಾನ ನಿಯಮಗಳ, ಪತ್ರಿಕೆಯನ್ನು ಹಗುರವಾಗಿ ನೋಡಬಾರದು. ವಿದೇಶದಲ್ಲಿ ಒಳ್ಳೆಯ ಅಂಕ ಪಡೆದವರೇ ಇಲ್ಲಿ ತಪ್ಪುತ್ತಾರೆ, ಏಕೆಂದರೆ ಉತ್ತರ ಬಾಯಿಗೆ ಬಂದಿರುತ್ತದೆ, ಆದರೆ ಅದು ಆ ದೇಶದ ಉತ್ತರ. ಮದ್ಯದ ವಿಷಯ ತೆಗೆದುಕೊಳ್ಳಿ. ಅಮೆರಿಕದಲ್ಲಿ 8 ಗಂಟೆಯ ಅಂತರ, ರಕ್ತದಲ್ಲಿ ಶೇ 0.04ರ ಮಿತಿ. ಭಾರತದಲ್ಲಿ 12 ಗಂಟೆ, ಮತ್ತು ಉಸಿರಾಟ ಪರೀಕ್ಷೆಯಲ್ಲಿ ಸೊನ್ನೆ ಬರಬೇಕು. ಮದ್ಯಸಾರ ಇರುವ ಮೌತ್‌ವಾಶ್ ಕೂಡ ಬೇಡ. ವಿಎಫ್‌ಆರ್, ಅಂದರೆ ಕಣ್ಣಳತೆಯ ಹಾರಾಟದ ನಿಯಮ, ನೋಡಿ. ಅಲ್ಲಿ ನಿಲ್ದಾಣದ ಬಳಿ 3 ಮೈಲಿ ಗೋಚರತೆ, 1000 ಅಡಿ ಮೋಡದ ಎತ್ತರ ಸಾಕು. ಇಲ್ಲಿ 5 ಕಿಲೊಮೀಟರ್, 1500 ಅಡಿ. ಅಲ್ಲಿ ರಾತ್ರಿ ವಿಎಫ್‌ಆರ್ ಸಾಮಾನ್ಯ ಸಂಗತಿ, ಪಿಪಿಎಲ್ ತರಬೇತಿಯಲ್ಲೇ ರಾತ್ರಿ ಹಾರಾಟ ಸೇರಿದೆ. ಇಲ್ಲಿ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ, ವಾಯು ಸಂಚಾರ ನಿಯಂತ್ರಣ, ಅಂದರೆ ಎಟಿಸಿ, ವಿನಾಯಿತಿ ಕೊಟ್ಟ ಸ್ಥಳೀಯ ಮತ್ತು ತರಬೇತಿ ಹಾರಾಟ ಬಿಟ್ಟರೆ, ವಿಎಫ್‌ಆರ್ ಇಲ್ಲ. ಪಿಪಿಎಲ್‌ದಾರರಿಗೆ ರಾತ್ರಿ ಹಾರಲು ಪ್ರತ್ಯೇಕ ನೈಟ್ ರೇಟಿಂಗ್ ಬೇಕು. ಫ್ಲೈಟ್ ಲೆವೆಲ್ 150ರ, ಅಂದರೆ ಸುಮಾರು 15,000 ಅಡಿಯ, ಮೇಲೂ ವಿಎಫ್‌ಆರ್ ಇಲ್ಲ. ಆಲ್ಟಿಮೀಟರನ್ನು ಸ್ಥಳೀಯ ಒತ್ತಡದಿಂದ ಪ್ರಮಾಣಿತ ಒತ್ತಡಕ್ಕೆ ಬದಲಿಸುವ ಎತ್ತರ, ಅಂದರೆ ಟ್ರಾನ್ಸಿಶನ್ ಆಲ್ಟಿಟ್ಯೂಡ್, ಅಮೆರಿಕದಲ್ಲಿ ದೇಶಕ್ಕೆಲ್ಲ ಒಂದೇ, 18,000 ಅಡಿ. ಇಲ್ಲಿ ನಿಲ್ದಾಣ ನಿಲ್ದಾಣಕ್ಕೆ ಬೇರೆ, ಚಾರ್ಟ್ ತೆರೆದು ನೋಡಲೇಬೇಕು.

ಎಲ್ಲಕ್ಕಿಂತ ಹೊಸದೆನಿಸುವುದು ಎಡಿಸಿ, ಅಂದರೆ ಏರ್ ಡಿಫೆನ್ಸ್ ಕ್ಲಿಯರೆನ್ಸ್. ಕಾನ್ಸಸ್‌ನಲ್ಲಿ ಫ್ಲೈಟ್ ಪ್ಲಾನ್ ಕೂಡ ಹಾಕದೆ ಪಕ್ಕದ ಊರಿಗೆ ಹೋಗಿ ಊಟ ಮಾಡಿ ಬರಬಹುದು. ಇಲ್ಲಿ ಬೆಳಗಾವಿಯಿಂದ ಹುಬ್ಬಳ್ಳಿಗೆ ಹೋಗಲು ಫ್ಲೈಟ್ ಪ್ಲಾನ್ ಸಲ್ಲಿಸಿ, ಎಡಿಸಿ ಸಂಖ್ಯೆ ಮತ್ತು ಫ್ಲೈಟ್ ಇನ್ಫರ್ಮೇಶನ್ ಸೆಂಟರಿನ ಎಫ್‌ಐಸಿ ಸಂಖ್ಯೆ ಪಡೆದು ಹೊರಡಬೇಕು. ವಾಯುಸೇನೆಗೆ ಆಕಾಶದಲ್ಲಿ ಯಾರು ಇದ್ದಾರೆ ಎಂದು ಗೊತ್ತಿರಬೇಕು, ಅದಕ್ಕಾಗಿ ಈ ವ್ಯವಸ್ಥೆ. ಕಾರಣ ತಿಳಿದು ಓದಿದರೆ ನೆನಪಿನಲ್ಲಿ ಉಳಿಯುತ್ತದೆ.

ಮುಂದೆ ಕಮರ್ಷಿಯಲ್ ಪೈಲಟ್ ಲೈಸೆನ್ಸಿನ, ಅಂದರೆ ಸಿಪಿಎಲ್‌ನ, ಯೋಚನೆ ಇರುವವರು ಈ ಹಂತದಲ್ಲೇ ಎರಡು ಲೆಕ್ಕ ಹಾಕಬೇಕು. ಸಿಪಿಎಲ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಎರಡೂ ಬೇಕು. ಇಲ್ಲದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಎನ್‌ಐಒಎಸ್ ಮೂಲಕ ಆ ವಿಷಯಗಳನ್ನು ಬರೆಯುವ ದಾರಿ ಇದೆ. ವಿದೇಶಿ ಸಿಪಿಎಲ್ ಪರಿವರ್ತನೆಯಲ್ಲಿ ರೆಗ್ಯುಲೇಶನ್ಸ್ ಜತೆಗೆ ನ್ಯಾವಿಗೇಶನ್ ಮತ್ತು ಹವಾಮಾನ ಸೇರಿದ ಕಾಂಪೊಸಿಟ್ ಪತ್ರಿಕೆ ಬರುತ್ತದೆ. ಪುಸ್ತಕ ಹಿಡಿದಾಗಲೇ ಅದನ್ನೂ ಓದಿಟ್ಟರೆ ಎರಡನೇ ಸಲ ಶುರುವಿನಿಂದ ಓದುವುದು ತಪ್ಪುತ್ತದೆ.

ರೇಡಿಯೊ ಭಾಗವನ್ನು ಕೊನೆಗೆ ಬಿಟ್ಟರೆ ಇಡೀ ಅರ್ಜಿ ಅದಕ್ಕೇ ಕಾಯುತ್ತದೆ. ಅಮೆರಿಕದ ಎಫ್‌ಸಿಸಿ ರೇಡಿಯೊ ಪರ್ಮಿಟ್ ಪರೀಕ್ಷೆಯಿಲ್ಲದೆ ಸಿಗುವಂಥದ್ದು, ಇಲ್ಲಿನ ರೇಡಿಯೊ ಪರೀಕ್ಷೆಗೆ ಬದಲಿಯಲ್ಲ. ದಶಕಗಳ ಕಾಲ ಈ ಪರೀಕ್ಷೆ ದೂರಸಂಪರ್ಕ ಇಲಾಖೆಯ ಕೈಯಲ್ಲಿತ್ತು; 2025ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮ ಅದನ್ನು ವಿಮಾನಯಾನದ ಆಡಳಿತದೊಳಗೇ ತರಲು ದಾರಿ ಮಾಡಿತು. ಪೈಲಟ್ ಒಬ್ಬನ ಎಲ್ಲ ಪರೀಕ್ಷೆಗಳೂ ಒಂದೇ ಸೂರಿನಡಿ ಬರುವುದು ನಿಜಕ್ಕೂ ಒಳ್ಳೆಯ ಸುಧಾರಣೆ. ಪ್ರಾಯೋಗಿಕ ಭಾಗದಲ್ಲಿ ಸೋಲುವುದು ಹೆಚ್ಚಾಗಿ ಉಚ್ಚಾರಣೆಯಿಂದಲ್ಲ, ಮಾತಿನ ಕ್ರಮದಿಂದ. ಅಮೆರಿಕದಲ್ಲಿ ಕಲಿತವರು ಆಲ್ಟಿಮೀಟರ್ ‘ಟು ನೈನರ್ ನೈನರ್ ಟು’ ಎನ್ನುತ್ತಾರೆ. ಇಲ್ಲಿ ಆಲ್ಟಿಮೀಟರಿಗೆ ಹಾಕುವ ಒತ್ತಡ, ಅಂದರೆ ಕ್ಯೂಎನ್‌ಎಚ್, ಹೆಕ್ಟೊಪಾಸ್ಕಲ್‌ನಲ್ಲಿ, ಉದಾಹರಣೆಗೆ 1013. ಮೇಡೇ, ಪ್ಯಾನ್ ಪ್ಯಾನ್ ಎಂಬ ಅಪಾಯ, ತುರ್ತಿನ ಸಂದೇಶಗಳನ್ನು ಐಕಾವೊ ಕ್ರಮದಲ್ಲೇ ಬಾಯಿಪಾಠ ಮಾಡಿ, ಕನ್ನಡಿಯ ಮುಂದಲ್ಲ, ಇನ್ನೊಬ್ಬರ ಎದುರು ಕೂತು ಜೋರಾಗಿ ಹೇಳಿ. ಇಂಗ್ಲಿಷ್ ಪ್ರಾವೀಣ್ಯದಲ್ಲಿ ಕನಿಷ್ಠ 4ನೇ ಹಂತ ಬೇಕು. ಅಮೆರಿಕದ ಕಾರ್ಡಿನ ಮೇಲೆ ‘ಇಂಗ್ಲಿಷ್ ಪ್ರೊಫಿಶಿಯಂಟ್’ ಎಂದಷ್ಟೇ ಇರುತ್ತದೆ, ಹಂತ ಇರುವುದಿಲ್ಲ. ಹಾಗಾಗಿ ಇಲ್ಲಿ ಪರೀಕ್ಷೆ ಕೊಡುವುದೇ ಸರಳ. 6ನೇ ಹಂತ ಬಂದರೆ ಮತ್ತೆ ಆ ಚಿಂತೆಯಿಲ್ಲ.

ಮೆಡಿಕಲ್ ಬಗ್ಗೆ ಹೇಳಬೇಕಾದದ್ದು ಸ್ವಲ್ಪ. ಪಿಪಿಎಲ್‌ಗೆ ಕ್ಲಾಸ್ 2. ಡಿಜಿಸಿಎ ಪಟ್ಟಿಯಲ್ಲಿರುವ ವೈದ್ಯರೇ ಮಾಡಬೇಕು. ಆಸ್ಪತ್ರೆ ಎಷ್ಟೇ ದೊಡ್ಡದಿರಲಿ, ಪಟ್ಟಿಯಲ್ಲಿಲ್ಲದ ವೈದ್ಯರ ಪತ್ರಕ್ಕೆ ಬೆಲೆ ಇಲ್ಲ. ರಕ್ತ, ಮೂತ್ರ, ಇಸಿಜಿ, ಎದೆಯ ಎಕ್ಸ್‌ರೇ, ಕಿವಿ, ಕಣ್ಣು, ಬಣ್ಣಗುರುಡಿನ ಇಶಿಹಾರಾ ಪರೀಕ್ಷೆ ಇರುತ್ತವೆ. ಕಣ್ಣಿಗೆ ಲೇಸಿಕ್ ಮಾಡಿಸಿಕೊಂಡವರು ಶಸ್ತ್ರಚಿಕಿತ್ಸೆಗೆ ಮುಂಚಿನ ನಂಬರಿನ ದಾಖಲೆ ತರಬೇಕು, ಅದಿಲ್ಲದೆ ಕಡತ ನಿಲ್ಲುತ್ತದೆ. ವೈದ್ಯರು ಮುಗಿಸಿದ ದಿನವೇ ಕೆಲಸ ಮುಗಿಯಲಿಲ್ಲ. ಡಿಜಿಸಿಎಯ ವೈದ್ಯಕೀಯ ವಿಭಾಗದ ಅಸೆಸ್‌ಮೆಂಟ್ ಬಂದ ಮೇಲೆಯೇ ಅದು ಲೆಕ್ಕಕ್ಕೆ. ಮುಂದೆ ಸಿಪಿಎಲ್ ಖಚಿತ ಎನ್ನುವವರು ಕ್ಲಾಸ್ 1ರ ಅರ್ಹತೆಯನ್ನೂ ಈಗಲೇ ತಿಳಿದುಕೊಳ್ಳುವುದು ಜಾಣತನ. ಬೆಂಗಳೂರಿನಲ್ಲಿ ವಾಯುಸೇನೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆ.

ಸಾಂಬ್ರಾದಲ್ಲಿ ಹಾರಾಟ

2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಐದು ನಿಲ್ದಾಣಗಳಲ್ಲಿ ಒಂಬತ್ತು ತರಬೇತಿ ಸಂಸ್ಥೆಗಳಿಗೆ ಜಾಗ ಕೊಟ್ಟಾಗ ಬೆಳಗಾವಿ, ಕಲಬುರಗಿ ಎರಡೂ ಆ ಪಟ್ಟಿಯಲ್ಲಿದ್ದವು. ಅಲ್ಲಿಂದ ಉತ್ತರ ಕರ್ನಾಟಕದವರಿಗೆ ಸ್ಕಿಲ್ ಟೆಸ್ಟಿನ ಹಾರಾಟ ಮನೆಬಾಗಿಲಿಗೆ ಬಂತು. ಈ ಸೇವೆಯ ಅತಿ ಬಲವಾದ ಭಾಗ ಇದೇ ಎಂಬುದು ನಮ್ಮ ಅಭಿಪ್ರಾಯ. 08/26 ರನ್‌ವೇ 2300 ಮೀಟರ್ ಉದ್ದ. ಸಣ್ಣ ವಿಮಾನಕ್ಕೆ ಇದು ಬೇಕಾದಷ್ಟು. ಬೆಂಗಳೂರಿನಂತೆ ಪ್ರಯಾಣಿಕ ವಿಮಾನಗಳ ಸಾಲು ಇಲ್ಲ. ಪಕ್ಕದಲ್ಲೇ ವಾಯುಸೇನೆಯ ಏರ್‌ಮೆನ್ ತರಬೇತಿ ಶಾಲೆ ಇರುವುದರಿಂದ ಫೋಟೊ, ವಿಡಿಯೊ ವಿಷಯದಲ್ಲಿ ಶಿಸ್ತು ಬೇಕು.

ಸಮುದ್ರಮಟ್ಟದಲ್ಲಿ ಕಲಿತವರು ಇಲ್ಲಿ ಒಂದು ಸಂಖ್ಯೆ ನೆನಪಿಡಬೇಕು: 2487 ಅಡಿ. ಅದು ಸಾಂಬ್ರಾದ ಎತ್ತರ. ಫ್ಲೋರಿಡಾದಲ್ಲಿ ಸರ್ಕ್ಯೂಟ್, ಅಂದರೆ ನಿಲ್ದಾಣದ ಸುತ್ತಿನ ಹಾರಾಟ, ಎಂದರೆ ಆಲ್ಟಿಮೀಟರ್‌ನಲ್ಲಿ 1000 ಅಡಿ. ಇಲ್ಲಿ ಅದೇ 1000 ಅಡಿ ಎತ್ತರಕ್ಕೆ ಮುಳ್ಳು 3500ರ ಹತ್ತಿರ ಇರಬೇಕು. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಇದ್ದರೆ ಲೆಕ್ಕ ಹೀಗೆ: ಈ ಎತ್ತರದಲ್ಲಿ ಪ್ರಮಾಣಿತ ತಾಪಮಾನ ಸುಮಾರು 10 ಡಿಗ್ರಿ, ವ್ಯತ್ಯಾಸ 26, ಡಿಗ್ರಿಗೆ 120 ಅಡಿಯಂತೆ 3120 ಅಡಿ ಸೇರಿಸಿದರೆ ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಗಾಳಿಯ ಸಾಂದ್ರತೆಯ ಲೆಕ್ಕದ ಎತ್ತರ, ಸುಮಾರು 5600 ಅಡಿ. ವಿಮಾನ ನೆಲ ಬಿಡಲು ತಡ ಮಾಡುತ್ತದೆ, ಏರುವುದೂ ನಿಧಾನ. ಇಳಿಯುವ ಕೊನೆಯ ಹಂತವಾದ ಫೈನಲ್‌ನಲ್ಲಿ ಮೀಟರ್ 65 ನಾಟ್ ತೋರಿಸಿದರೂ ನಿಜವಾದ ವೇಗ 70 ದಾಟಿರುತ್ತದೆ. ನೆಲ ವೇಗವಾಗಿ ಓಡುವುದು ಕಂಡು ಮೂಗು ಎತ್ತಿ ವೇಗ ಕಳೆಯಬೇಡಿ. ರೆಕ್ಕೆ ನಂಬುವುದು ಮೀಟರ್ ತೋರಿಸುವ ವೇಗವನ್ನು. ಸೆಸ್ನಾ 172ಎಸ್ ಎಂಬ ಸಣ್ಣ ವಿಮಾನದ ಕೈಪಿಡಿ 3000 ಅಡಿಗಿಂತ ಎತ್ತರದ ನಿಲ್ದಾಣಗಳಲ್ಲಿ ಟೇಕಾಫ್‌ಗೆ ಮುಂಚೆ ಮಿಕ್ಸ್ಚರ್ ಲೀನ್ ಮಾಡಲು, ಅಂದರೆ ಗಾಳಿಯ ಜತೆಗಿನ ಇಂಧನದ ಪ್ರಮಾಣ ತಗ್ಗಿಸಲು, ಹೇಳುತ್ತದೆ. ಸಾಂಬ್ರಾ ಆ ಗೆರೆಗಿಂತ ತುಸು ಕೆಳಗೆ, ಆದರೆ ಬೇಸಿಗೆಯ ಗಾಳಿ ಅದಕ್ಕಿಂತ ತೆಳು. ಪರೀಕ್ಷಕರು ಕೇಳಿದರೆ ಈ ಎರಡೂ ಮಾತು ಹೇಳಲು ಬರಬೇಕು.

ಅಮೆರಿಕದ ಲೈಸೆನ್ಸಿನಲ್ಲಿ ‘ಏರ್‌ಪ್ಲೇನ್ ಸಿಂಗಲ್ ಎಂಜಿನ್ ಲ್ಯಾಂಡ್’ ಎಂಬ ಒಂದು ವರ್ಗ ಇದ್ದರೆ ಸಾಕು. ಭಾರತದ ಲೈಸೆನ್ಸಿನ ಮೇಲೆ ವಿಮಾನದ ಮಾದರಿಯೇ ನಮೂದಾಗುತ್ತದೆ. ಆದ್ದರಿಂದ ನಿಮ್ಮ ಬಹುಪಾಲು ಗಂಟೆ ಯಾವ ಮಾದರಿಯಲ್ಲಿದೆಯೋ ಅದೇ ಇರುವ ಶಾಲೆಯನ್ನು ಆರಿಸಿ. 172ಎಸ್ ಆದರೆ ಬಾಯಿಪಾಠ ಇಷ್ಟಿರಲಿ: ಗರಿಷ್ಠ ಟೇಕಾಫ್ ತೂಕ 2550 ಪೌಂಡ್, ಬಳಸಬಹುದಾದ ಇಂಧನ 53 ಗ್ಯಾಲನ್, ಮೂಗು ಎತ್ತುವ ರೊಟೇಶನ್ ವೇಗ 55 ನಾಟ್, ಉತ್ತಮ ಏರುವಿಕೆಗೆ ಸಮುದ್ರಮಟ್ಟದಲ್ಲಿ 74, ಎಂಜಿನ್ ನಿಂತರೆ ತೇಲಲು 68, ಪೂರ್ತಿ ಫ್ಲ್ಯಾಪ್‌ಗೆ 85ರ ಮಿತಿ, ಎಂದೂ ದಾಟಬಾರದ ವೇಗ 163, ಪರೀಕ್ಷಿತ ಅಡ್ಡಗಾಳಿ 15 ನಾಟ್. ಟೆಸ್ಟಿನಲ್ಲಿ ಕಡಿದಾದ ತಿರುವು (ಸ್ಟೀಪ್ ಟರ್ನ್), ರೆಕ್ಕೆಯ ಎತ್ತುವ ಬಲ ತಪ್ಪುವ ಸ್ಟಾಲ್, ಎಂಜಿನ್ ನಿಂತಂತೆ ನಟಿಸಿ ಇಳಿಯುವುದು, ಇಳಿಯದೆ ಮತ್ತೆ ಏರುವ ಗೋ-ಅರೌಂಡ್, ಫ್ಲ್ಯಾಪ್ ಇಲ್ಲದ ಲ್ಯಾಂಡಿಂಗ್ ಇರುತ್ತವೆ. ಅಭ್ಯಾಸ ತಪ್ಪದವರಿಗೆ 4ರಿಂದ 6 ಗಂಟೆ, ವರ್ಷಗಟ್ಟಲೆ ಹಾರದವರಿಗೆ 10 ಗಂಟೆಯ ದುಡ್ಡು ಎತ್ತಿಡುವುದು ನಮ್ಮ ಸಲಹೆ.

ಸೋಲೊ ಕ್ರಾಸ್‌ಕಂಟ್ರಿ ಕೊರತೆ ಇದ್ದವರಿಗೆ ಬೆಳಗಾವಿ-ಹುಬ್ಬಳ್ಳಿ-ಕೊಲ್ಹಾಪುರ-ಬೆಳಗಾವಿ ತ್ರಿಕೋನ ಹೇಳಿ ಮಾಡಿಸಿದಂತಿದೆ: ಸುಮಾರು 40, 90, 52, ಒಟ್ಟು 180 ನಾಟಿಕಲ್ ಮೈಲಿ ದಾಟುತ್ತದೆ, ಎರಡು ಬೇರೆ ನಿಲ್ದಾಣಗಳಲ್ಲಿ ಇಳಿದಂತೆಯೂ ಆಗುತ್ತದೆ. ಆದರೆ ಆ ಸೋಲೊಗೆ ಹೊರಡುವ ಮುಂಚೆ ಇಲ್ಲಿನ ಕಾನೂನಿನಂತೆ ನಿಮ್ಮ ಬಳಿ ಯಾವ ಲೈಸೆನ್ಸ್ ಇರಬೇಕು ಎಂದು ಶಾಲೆಯ ಮುಖ್ಯ ಬೋಧಕರಿಂದ ಬರವಣಿಗೆಯಲ್ಲಿ ಪಡೆಯಿರಿ.

ಶಾಲೆಗೆ ದುಡ್ಡು ಕಟ್ಟುವ ಮುಂಚೆ ಗಂಟೆಯ ದರದಲ್ಲಿ ಇಂಧನ ಸೇರಿದೆಯೇ, ಲ್ಯಾಂಡಿಂಗ್ ಶುಲ್ಕ, ಪರೀಕ್ಷಕರ ಶುಲ್ಕ, ತೆರಿಗೆ ಬೇರೆಯೇ, ಹವಾಮಾನ ಕೆಟ್ಟು ಟೆಸ್ಟ್ ಮುಂದೂಡಿದರೆ ಯಾರ ತಲೆಗೆ ಎಂಬುದನ್ನು ಕೇಳಿ. ಪೂರ್ತಿ ಮೊತ್ತ ಮುಂಗಡ ಕೊಡಬೇಡಿ. ಹಾರುತ್ತಿರುವ ವಿಮಾನಗಳು ಎಷ್ಟು, ಕೆಟ್ಟು ನಿಂತಿರುವವು ಎಷ್ಟು ಎಂದು ಹ್ಯಾಂಗರಿನಲ್ಲಿ ಕಣ್ಣಾರೆ ನೋಡಿ. ಸಿಪಿಎಲ್ ವಿದ್ಯಾರ್ಥಿಗಳ ಸಾಲು ಉದ್ದವಿದ್ದರೆ ಐದು ಗಂಟೆಯ ಗಿರಾಕಿ ಹಿಂದೆ ಬೀಳುವುದು ಸಹಜ.

ಕಾಲವನ್ನೂ ನೋಡಿ ಬುಕ್ ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಹ್ಯಾದ್ರಿಯ ಬೆನ್ನಿಗೇ ಇರುವ ಬೆಳಗಾವಿಯಲ್ಲಿ ಜಿಟಿಜಿಟಿ ಮಳೆ, ತಗ್ಗಿದ ಮೋಡ. 1500 ಅಡಿಯ ಮೋಡದ ಎತ್ತರ ಸಿಗದೆ ದಿನಗಳು ಹಾಗೇ ಹೋಗುತ್ತವೆ. ಏಪ್ರಿಲ್-ಮೇ ಮಧ್ಯಾಹ್ನ ಗುಡುಗುಮಳೆ. ನವೆಂಬರ್‌ನಿಂದ ಫೆಬ್ರುವರಿ ಉತ್ತಮ, ಅದರಲ್ಲೂ ಬೆಳಗಿನ ಹೊತ್ತು. ಹಿಂದಕ್ಕೆ ಎಣಿಸಿದರೆ ಬೇಸಿಗೆಯಲ್ಲಿ ದೃಢೀಕರಣ ಮತ್ತು ಲಾಗ್‌ಬುಕ್, ಮಳೆಗಾಲದಲ್ಲಿ ಓದು ಮತ್ತು ಪರೀಕ್ಷೆ, ದಸರೆಯ ಹೊತ್ತಿಗೆ ಮೆಡಿಕಲ್, ದೀಪಾವಳಿ ಮುಗಿದ ಮೇಲೆ ಹಾರಾಟ. ಬೆಳಗಾವಿಗೆ ಹೊಂದುವ ಪಂಚಾಂಗ ಇದು.

ಕೊನೆಯ ಅರ್ಜಿಯಲ್ಲಿ ಸ್ಕ್ಯಾನ್ ಸ್ಪಷ್ಟವಿರಲಿ, ಲಾಗ್‌ಬುಕ್ಕಿನ ಖಾಲಿ ಪುಟ ಬಿಟ್ಟು ಬರೆದ ಎಲ್ಲ ಪುಟವೂ ಕ್ರಮವಾಗಿ ಇರಲಿ. ಆಕ್ಷೇಪಣೆ ಬಂದರೆ ಅದಕ್ಕಷ್ಟೇ ಉತ್ತರ ಕೊಡಿ, ಕೇಳದ ದಾಖಲೆ ತುರುಕಬೇಡಿ. 2025ರ ಫೆಬ್ರುವರಿಯಿಂದ ಪೈಲಟ್‌ಗಳಿಗೆ ಎಲೆಕ್ಟ್ರಾನಿಕ್ ಲೈಸೆನ್ಸ್ ಶುರುವಾಗಿದ್ದು, ಅದು ಇ-ಜಿಸಿಎ ಮೊಬೈಲ್ ಆ್ಯಪ್‌ನಲ್ಲೇ ಕಾಣುತ್ತದೆ. ಅಂಚೆಗೆ ಕಾಯುವ ಹಂತ ಹೋಯಿತು.

ಲೈಸೆನ್ಸ್ ಬಂದ ಮೇಲೆ ಏನು ಹಾರಿಸುವುದು ಎಂಬುದನ್ನು ಮೊದಲೇ ವಿಚಾರಿಸಿ. ವಿದೇಶದ ಕ್ಲಬ್ಬುಗಳಂತೆ ಕಾರ್ಡ್ ತೋರಿಸಿ ವಿಮಾನ ಬಾಡಿಗೆಗೆ ಪಡೆಯುವ ರೂಢಿ ಇಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ತರಬೇತಿ ಸಂಸ್ಥೆಯ ವಿಮಾನಗಳು ಮೊದಲು ವಿದ್ಯಾರ್ಥಿಗಳಿಗೆ. ಪಿಪಿಎಲ್‌ದಾರರಿಗೆ ವಾರದ ದಿನ ಬೆಳಿಗ್ಗೆ ಒಂದು ಗಂಟೆ ಕೊಡಲು ಒಪ್ಪುವ ಶಾಲೆ ಸಿಕ್ಕರೆ ಆ ಮಾತನ್ನು ಕಾಗದದ ಮೇಲೆ ಮಾಡಿಕೊಳ್ಳಿ. ಭಾರತದ ಲೈಸೆನ್ಸ್ ಬಂತೆಂದು ವಿದೇಶದ್ದು ರದ್ದಾಗುವುದಿಲ್ಲ. ಅಲ್ಲಿಗೆ ಹೋದಾಗಲೆಲ್ಲ ಒಂದು ಫ್ಲೈಟ್ ರಿವ್ಯೂ ಮಾಡಿಸಿ ಅದನ್ನೂ ಚಾಲ್ತಿಯಲ್ಲಿಡಿ, ಎರಡೂ ಕಡೆಯ ಹಾರಾಟ ಒಂದೇ ಲಾಗ್‌ಬುಕ್ಕಿನಲ್ಲಿ, ಗಂಟೆ-ನಿಮಿಷದ ಲೆಕ್ಕದಲ್ಲಿ, ತಿಂಗಳ ಹೆಸರು ಅಕ್ಷರದಲ್ಲಿ ಬರೆದು.